ನೆಲ ಬಿಡದ ಕಾಲು

ಕಳೆದ ಫೆಬ್ರವರಿಯ ಮೊದಲ ಭಾನುವಾರ ಬೆಳಗ್ಗೆ ಕಾರ್ಕಳದ ಒಂದು ಪ್ರಾಥಮಿಕ ಶಾಲೆಯ ಸಭಾಂಗಣದಲ್ಲಿ, ಒಲಿಂಪಿಕ್ ಚಿನ್ನದ ಪದಕ ಗೆದ್ದ ಕಾಪುವಿನ ವಾರಿಜಾ ನೆಲದಿಂದ ಮೇಲಕ್ಕೆ ಹಾರಲು ಪ್ರಯತ್ನಿಸಿದಳು. ಹಾರಲಿಲ್ಲ.

ಪತ್ರಿಕೆಗಾದರೆ ಇಷ್ಟು ಸಾಕು. ಮಣಿಪಾಲದ ನಮ್ಮ ಕಚೇರಿಯಲ್ಲಿ ಕೂತು ನಾನು ಇಷ್ಟು ವರ್ಷ ಬರೆದದ್ದೆಲ್ಲ ಈ ಅಳತೆಯದ್ದೇ. ಯಾರು, ಎಲ್ಲಿ, ಯಾವಾಗ, ಏನು. ‘ಯಾಕೆ’ ಎನ್ನುವುದಕ್ಕೆ ಬರುವ ಹೊತ್ತಿಗೆ ಕೆಳಗಿನಿಂದ ಒಂದು ಜಾಹೀರಾತು ಏರಿ ಬಂದು ಜಾಗ ಮುಗಿದಿರುತ್ತದೆ. ಇಲ್ಲಿ ಕೆಳಗೆ ಜಾಹೀರಾತು ಇಲ್ಲವಾದ್ದರಿಂದ ಯಾಕೆ ಎಂಬುದನ್ನೂ ಹೇಳಬಹುದು ಎಂದುಕೊಂಡಿದ್ದೇನೆ.

ಅದಕ್ಕೆ ಮೊದಲು ನನ್ನ ಒಂದು ಚಾಳಿಯ ವಿಷಯ ಹೇಳಬೇಕು. ಯಾರೇ ಎದುರು ಬಂದರೂ ನಾನು ಮೊದಲು ಅವರ ಕಾಲು ನೋಡುತ್ತೇನೆ. ಮುಖಕ್ಕೆ ಬರುವುದು ಆಮೇಲೆ. ಒಮ್ಮೆ ಸಂತೆಕಟ್ಟೆಯಲ್ಲಿ ಮಂತ್ರಿಯೊಬ್ಬರು ಸೇತುವೆ ಉದ್ಘಾಟಿಸಿದಾಗ ಅವರ ಎರಡು ಕಾಲುಚೀಲ ಎರಡು ಬಣ್ಣದವಾಗಿದ್ದವು ಎಂಬುದು ನನಗೆ ಈಗಲೂ ನೆನಪಿದೆ. ಸೇತುವೆ ಎಷ್ಟು ಉದ್ದ ಎಂಬುದು ಮರೆತಿದೆ. ಮದುವೆಯೊಂದರಿಂದ ಬಂದ ಮೇಲೆ ಹೆಂಡತಿ, “ಮದುಮಗಳು ಹೇಗಿದ್ದಳು ಮಾರಾಯ್ರೆ?” ಎಂದು ಕೇಳಿದರೆ, “ಎಡಗಾಲಿನ ಚಪ್ಪಲಿಯ ಪಟ್ಟಿ ಸಡಿಲ ಉಂಟು” ಎಂದಿದ್ದೆ. ಅಂದಿನಿಂದ ಅವಳು ಮದುವೆಗಳಿಗೆ ಒಬ್ಬಳೇ ಹೋಗುತ್ತಾಳೆ.

ಈ ಚಾಳಿ ಹತ್ತಿಸಿದವರು ನಮ್ಮ ಕಾಪುವಿನ ಶಾಲೆಯ ಪಿ.ಟಿ. ಮಾಸ್ಟ್ರು. ನಮ್ಮ ಆಟದ ಬಯಲಿನಲ್ಲಿ ತೆಂಗಿನ ಮರಗಳಿದ್ದವು. ಬದಿಯಲ್ಲಲ್ಲ, ನಡುವೆ. ಜಾಗ ಕೊಟ್ಟವರು ಮರ ಕಡಿಯಬಾರದು ಎಂಬ ಷರತ್ತಿನ ಮೇಲೆ ಕೊಟ್ಟಿದ್ದರಂತೆ. ಹಾಗಾಗಿ ಕ್ರೀಡಾದಿನ ಓಟದ ಸ್ಪರ್ಧೆ ಶುರುವಾದರೆ ಯಾರಾದರೊಬ್ಬರು ಮರಕ್ಕೆ ಗುದ್ದುವುದು ಖಚಿತವಿತ್ತು. ಹಣೆ ಊದಿಸಿಕೊಂಡ ಮಕ್ಕಳ ತಂದೆ ತಾಯಿ ಬಂದು ಗಲಾಟೆ ಮಾಡಿದ ಮೇಲೆ ಮಾಸ್ಟ್ರು ಎಲ್ಲಿಂದಲೋ ಒಂದು ನಿಯಮದ ಪುಸ್ತಕ ತಂದು, ಓಟವನ್ನೇ ಕೈಬಿಟ್ಟು ನಡಿಗೆ ಸ್ಪರ್ಧೆ ಇಟ್ಟರು.

“ಓಡಿದರೆ ತಾನೆ ಗುದ್ದುವುದು?” ಎಂದರು. ಆಡಳಿತ ಮಂಡಳಿಗೆ ಈ ವಾದ ಬಹಳ ಹಿಡಿಸಿತು.

ನಡಿಗೆ ಸ್ಪರ್ಧೆಯ ಮುಖ್ಯ ನಿಯಮ ಒಂದೇ. ಯಾವ ಕ್ಷಣದಲ್ಲಿ ನೋಡಿದರೂ ಒಂದು ಕಾಲು ನೆಲದ ಮೇಲಿರಬೇಕು. ಎರಡೂ ಒಟ್ಟಿಗೆ ಮೇಲೆದ್ದರೆ ಅದು ಓಟ, ಓಡಿದವರು ಹೊರಗೆ. ಇದು ಕೇಳಲು ಸುಲಭ. ನಾನು ಮೊದಲನೆಯ ತೆಂಗಿನ ಮರ ಮುಟ್ಟುವ ಮೊದಲೇ ಹೊರಗೆ ಬಿದ್ದೆ. ಮಾಸ್ಟ್ರು ನನ್ನನ್ನು ಬದಿಗೆ ಕರೆದು, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು: “ಸದಾ, ನೀನು ನಡೆಯುವುದೂ ಅಲ್ಲ, ಓಡುವುದೂ ಅಲ್ಲ. ನೀನು ಎಂತ ಮಾಡುವುದು ಮಾರಾಯ?”

ಅವರೇ ನನಗೊಂದು ಕೆಲಸ ಹುಡುಕಿದರು. “ಅಲ್ಲಿ ಹೊಟ್ಟೆ ಅಡಿ ಮಾಡಿ ಮಲಗು. ಯಾರದ್ದು ಎರಡೂ ಕಾಲು ಒಟ್ಟಿಗೆ ಮೇಲೆ ಬರುತ್ತದೆ ನೋಡಿ ಬೊಬ್ಬೆ ಹಾಕು.”

ಹೀಗೆ ನಾನು ತೀರ್ಪುಗಾರನಾದೆ. ಬಯಲಿನ ಅಂಚಿನಲ್ಲಿ ಗಲ್ಲವನ್ನು ಮಣ್ಣಿಗೆ ತಾಗಿಸಿ ಮಲಗಿ, ಕೆಂಪಿರುವೆಗಳು ಅಂಗಿಯೊಳಗೆ ತಮ್ಮ ಸ್ಪರ್ಧೆ ನಡೆಸುತ್ತಿರುವಾಗ, ನಾನು ಸಹಪಾಠಿಗಳ ಕಾಲುಗಳನ್ನು ನೋಡಿ “ಎದ್ದಿತು! ಎದ್ದಿತು!” ಎಂದು ಕೂಗುತ್ತಿದ್ದೆ. ಮುಖ ಕಾಣುತ್ತಿರಲಿಲ್ಲವಾದ್ದರಿಂದ ಸ್ನೇಹಿತರು, ವೈರಿಗಳು ಎಂಬ ಭೇದವಿಲ್ಲದೆ ಎಲ್ಲರನ್ನೂ ಹೊರಗೆ ಹಾಕಿದೆ. ಪತ್ರಿಕೋದ್ಯಮಕ್ಕೆ ನನಗೆ ಸಿಕ್ಕಿದ ತರಬೇತಿ ಇಷ್ಟೆ.

ಕೊನೆಗೆ ಎರಡೇ ಎರಡು ಕಾಲುಗಳು ಉಳಿದವು. ಸಪೂರ, ಕಪ್ಪು, ಬೆರಳಿನ ಸಂದಿಯಲ್ಲಿ ಕಡಲಿನ ಹೊಯಿಗೆ ಅಂಟಿಕೊಂಡಿದ್ದ ಕಾಲುಗಳು. ಅವು ನೆಲ ಬಿಡಲೇ ಇಲ್ಲ. ಕಣ್ಣು ಉರಿಯುವವರೆಗೆ ನೋಡಿದೆ. ಒಂದು ಏಳುವ ಮೊದಲು ಇನ್ನೊಂದು ಊರಿರುತ್ತಿತ್ತು. ತಲೆ ಎತ್ತಿ ನೋಡಿದರೆ ನಮ್ಮ ತರಗತಿಯ ವಾರಿಜಾ.

ವಾರಿಜಳ ಮನೆ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ. ತಾಯಿ ಗಿರಿಜಕ್ಕ ಬೀಡಿ ಕಟ್ಟುತ್ತಿದ್ದರು. ಹೊಯಿಗೆಯಲ್ಲಿ ನಡೆದು ಸಾಕಾದ ಮೇಲೆ ವಾರಿಜಾ ಹೆದ್ದಾರಿಯ ಬದಿಯಲ್ಲಿ ಅಭ್ಯಾಸ ಶುರು ಮಾಡಿದಳು. ನಮ್ಮ ಕಡೆಯ ಖಾಸಗಿ ಬಸ್ಸುಗಳನ್ನು ನೀವು ಕಂಡಿದ್ದರೆ ಮುಂದಿನದ್ದು ಊಹಿಸಬಹುದು. ಹಿಂದಿನ ಬಸ್ಸು ಬಂದು ಜನ ಕಸಿದುಕೊಳ್ಳುವ ಮೊದಲು ರಸ್ತೆಯಲ್ಲಿ ಅಲುಗಾಡುವ ಯಾರನ್ನಾದರೂ ಹತ್ತಿಸಿಕೊಳ್ಳಬೇಕು ಎಂಬುದು ಇಲ್ಲಿನ ಕಂಡಕ್ಟರುಗಳ ಧರ್ಮ. ಸೊಂಟ ಕುಲುಕಿಸುತ್ತ, ಮೊಣಕೈ ಬೀಸುತ್ತ, ಮುಖ ಬಿಗಿ ಹಿಡಿದು ಬರುವ ಹುಡುಗಿಯನ್ನು ಕಂಡರೆ ಯಾರಿಗಾದರೂ ಅವಳಿಗೆ ಬಸ್ಸು ತಪ್ಪುತ್ತಿದೆ ಎಂದೇ ಅನಿಸುತ್ತದೆ.

“ಉಡುಪಿ ಉಡುಪಿ ಉಡುಪಿ! ಬೇಗ ಬನ್ನಿ, ಬೇಗ!”

ಅವಳು ಕೈ ಅಲ್ಲಾಡಿಸಿ ಬೇಡವೆನ್ನುವಳು. ಕೈ ಬೀಸಿದ್ದು ಕಂಡು ಬಸ್ಸು ನಿಲ್ಲುವುದು. ನಿಂತ ಬಸ್ಸನ್ನು ಅವಳು ದಾಟಿ ಹೋಗುವಳು. ಕಂಡಕ್ಟರ್ ಸೀಟಿ ಊದುವನು, ಬಸ್ಸು ಅವಳನ್ನು ಹಿಡಿಯುವುದು, ಮತ್ತೆ ನಿಲ್ಲುವುದು. ಒಳಗಿದ್ದವರು ಕಿಟಕಿಯಿಂದ ಕತ್ತು ಹಾಕಿ, “ಎಂತ ಮಾರಾಯ್ತಿ, ಹತ್ತುವುದಾ ಇಲ್ಲವಾ? ನಮಗೆ ಆಫೀಸು ಉಂಟು!” ಎನ್ನುವರು. ಒಂದು ಬಸ್ಸು ಹೀಗೆ ನಿಲ್ಲುತ್ತ ಹೊರಡುತ್ತ ಕಟಪಾಡಿಯವರೆಗೆ ಅವಳ ಜೊತೆಗೇ ಹೋಗಿ, ಮೊದಲು ತಲುಪಿದವಳು ವಾರಿಜಾ ಎಂದು ಊರಿನಲ್ಲಿ ಮಾತಿದೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಖಚಿತಪಡಿಸಲಾರೆ.

ಇಂಥ ಹುಡುಗಿಗೆ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. ಅದು ಇತಿಹಾಸದ ವಿಷಯ, ನಾನು ಹೇಳಬೇಕಾಗಿಲ್ಲ. ನಾನು ಹೇಳಬೇಕಾದದ್ದು ಕೊನೆಯ ಸುತ್ತಿನದ್ದು. ಮೂರು ಕೆಂಪು ಚೀಟಿ ಬಿದ್ದರೆ ಸ್ಪರ್ಧೆಯಿಂದ ಹೊರಗೆ. ಕೊನೆಯ ಸುತ್ತು ಶುರುವಾಗುವಾಗ ಅವಳ ಹೆಸರಿನ ಮುಂದೆ ಎರಡು ಬಿದ್ದಿದ್ದವು. ಅಂದರೆ ಇನ್ನೊಂದು ಸಲ, ಒಂದೇ ಒಂದು ಸಲ, ಎರಡು ಕಾಲೂ ಒಟ್ಟಿಗೆ ಎದ್ದದ್ದು ಯಾವನಾದರೂ ತೀರ್ಪುಗಾರನ ಕಣ್ಣಿಗೆ ಬಿದ್ದರೆ ಹುಡುಗಿಯಾಗಿದ್ದಾಗಿನಿಂದ ನಡೆದದ್ದೆಲ್ಲ ನೀರುಪಾಲು. ಕಚೇರಿಯ ಟಿವಿಯ ಮುಂದೆ ನಾವೆಲ್ಲ ಉಸಿರು ಬಿಡದೆ ನಿಂತಿದ್ದೆವು. ನಾನು, ಅಭ್ಯಾಸಬಲದಿಂದ, ಬಗ್ಗಿ ನಿಂತಿದ್ದೆ.

ಆಮೇಲೆ ಒಮ್ಮೆ ಆ ಸುತ್ತಿನ ಬಗ್ಗೆ ಅವಳನ್ನು ಕೇಳಿದೆ. (ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಕೊಡುತ್ತಿದ್ದೇನೆ.)

“ದೇವರ ನೆನಪು ಬರಲಿಲ್ಲ, ಸದಾ. ನೀನು ಹೊಟ್ಟೆ ಅಡಿ ಮಾಡಿ ಮಲಗಿದ್ದು ನೆನಪಾಯಿತು. ದಾರಿಯ ಬದಿಯಲ್ಲಿ ಎಲ್ಲ ಕಡೆ ನೀನೇ ಮಲಗಿದ ಹಾಗೆ ಕಾಣುತ್ತಿತ್ತು. ಆ ಹೆದರಿಕೆಗೆ ಕಾಲು ಎತ್ತಲೇ ಇಲ್ಲ.”

ನಾನು ಇದನ್ನು ಹೊಗಳಿಕೆ ಎಂದು ತೆಗೆದುಕೊಂಡೆ. ಎಷ್ಟೋ ಜನರಿಗೆ ಹೇಳಿಕೊಂಡೂ ಬಂದೆ.

ಅವಳು ಊರಿಗೆ ಬಂದಾಗ ಉಡುಪಿಯಲ್ಲಿ ಸನ್ಮಾನ ಏರ್ಪಾಡಾಯಿತು. ತೆರೆದ ಜೀಪು, ಚೆಂಡೆ, ಬ್ಯಾಂಡು, ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಕ್ರಮದಂತೆ ಇತ್ತು. ಜೀಪು ಹೊರಡುವಾಗ ಗುಂಪಿನಲ್ಲಿ ಯಾರೋ, “ನಡೆದದ್ದಕ್ಕೆ ಚಿನ್ನ ಬಂದದ್ದಲ್ವಾ? ಈಗ ಜೀಪು ಎಂತಕ್ಕೆ? ನಡೆಯಲಿ, ನಾವೂ ನೋಡುವ” ಎಂದರು. ಸಂಘಟಕರಿಗೆ ಇದು ಸರಿಯೆನಿಸಿತು. ವಾರಿಜಾ ಇಳಿದು ನಡೆದಳು. ಅವಳಿಗೆ ಗೊತ್ತಿರುವುದು ಒಂದೇ ವೇಗ. ಕಡಿಯಾಳಿಯ ದೇವಸ್ಥಾನದ ಹತ್ತಿರ ಹಾಕಿದ್ದ ವೇದಿಕೆಯನ್ನು ಅವಳು ಮುಟ್ಟಿ, ನೀರು ಕುಡಿದು, ಕುರ್ಚಿಯಲ್ಲಿ ಕೂತಾಗ ಮೆರವಣಿಗೆ ಎಲ್ಲಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಚೆಂಡೆಯವರು ಬಂದು ಸೇರಿದಾಗ ಬಾರಿಸಲು ಅವರಲ್ಲಿ ಉಸಿರು ಉಳಿದಿರಲಿಲ್ಲ. ಗಣ್ಯರು ರಿಕ್ಷಾದಲ್ಲಿ ಬಂದರು.

ಟಿವಿಯವರು ಅವಳನ್ನು ಹಿಡಿದದ್ದು ಆ ಬಳಿಕ. ಮೊದಲು ಸಂದರ್ಶನ, ಅನಂತರ ಜಾಹೀರಾತು. ಜೀವಮಾನವೆಲ್ಲ ನಡೆದವಳಿಗೆ ಮೊದಲು ಸಿಕ್ಕಿದ್ದು ಹಾಸಿಗೆಯ ಜಾಹೀರಾತು. ಹಾಸಿಗೆಯ ಮೇಲೆ ಬಿದ್ದು, ಕಣ್ಣು ಮುಚ್ಚಿ, “ಇನ್ನು ಎಲ್ಲಿಗೂ ಹೋಗುವುದಿಲ್ಲ” ಎನ್ನಬೇಕು. ಸೊಂಟದ ನೋವಿನಿಂದ ಸ್ಪರ್ಧೆ ಬಿಟ್ಟ ಮೇಲೆ ಮಕ್ಕಳ ನೃತ್ಯ ಕಾರ್ಯಕ್ರಮವೊಂದಕ್ಕೆ ತೀರ್ಪುಗಾರ್ತಿಯಾದಳು. ಅಲ್ಲಿ ಹಾಡು ಮುಗಿದ ಕೂಡಲೇ ಅಳಬೇಕಂತೆ. ಇವಳಿಗೆ ಅಳು ಬರುವುದಿಲ್ಲ. ಕಣ್ಣಿಗೆ ಏನೋ ಹಾಕಿ ಬರಿಸುತ್ತಿದ್ದರು. ಪ್ರತಿ ಶನಿವಾರ ಸಂಜೆ ಗಿರಿಜಕ್ಕ ಕಾಪುವಿನಲ್ಲಿ ಮಡಿಲಲ್ಲಿ ಬೀಡಿಯ ಮೊರ ಇಟ್ಟುಕೊಂಡು ಇದನ್ನು ನೋಡುತ್ತಿದ್ದರು. ಮಗಳು ಮನೆ ರಿಪೇರಿ ಮಾಡಿಸಿ, ಗೋಡೆಯಷ್ಟು ದೊಡ್ಡ ಟಿವಿ ತಂದುಕೊಟ್ಟಿದ್ದರೂ ಅವರು ಬೀಡಿ ಬಿಟ್ಟಿರಲಿಲ್ಲ. ಕೈ ಸುಮ್ಮನಿದ್ದರೆ ಟಿವಿ ನೋಡಿದ ಹಾಗೆ ಆಗುವುದಿಲ್ಲ ಎನ್ನುತ್ತಿದ್ದರು.

“ನೋಡು ಮಗಾ, ಎಂತ ಅಳುವುದು ಇವಳು!” ಎಂದು ಒಮ್ಮೆ ನನಗೆ ತೋರಿಸಿದರು. “ನಾನು ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದಾಗ ಇಷ್ಟು ಅಳಲಿಲ್ಲ. ಮತ್ತೆ ಆ ಅಂಗಿ ಎಂತದ್ದು? ನೈಟಿಯ ಹಾಗೆ ಉಂಟು.”

ಟಿವಿಯ ಕೀರ್ತಿಗೆ ಗಡುವಿದೆ. ಹೊಸ ಚಾಂಪಿಯನ್ನರು ಬಂದರು. ಹಾಸಿಗೆಯ ಮೇಲೆ ಈಗ ಬೇರೆ ಯಾರೋ ಬೀಳತೊಡಗಿದರು. ಮಕ್ಕಳ ಕಾರ್ಯಕ್ರಮ ಮುಗಿಯಿತು. ವಾರಿಜಳಿಗೆ ಉಳಿದದ್ದು ಬಟ್ಟೆ ಅಂಗಡಿಯ ರಿಬ್ಬನ್ನು, ಅಡುಗೆಮನೆ ಸಾಮಾನಿನ ಮಳಿಗೆಯ ದೀಪ. ಆಗ ಮುಂಬೈಯ ಒಂದು ದೊಡ್ಡ ವಾಹಿನಿ ಪ್ರಸಿದ್ಧರ ನೃತ್ಯ ಸ್ಪರ್ಧೆಗೆ ಅವಳನ್ನು ಕರೆಯಿತು. ಕೊನೆಯ ಮೂವರಲ್ಲಿ ಉಳಿದರೆ ಮುಂದಿನ ವರ್ಷದ ಕಾರ್ಯಕ್ರಮದ ನಿರೂಪಣೆ ಅವಳಿಗೇ ಎಂದು ಮಾತಾಯಿತು. ಒಂದು ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಕುಣಿತ ಕುಣಿಯಬೇಕು. ಉಡುಪಿ ಎಂದ ಕೂಡಲೇ ನಿರ್ಮಾಪಕನು ಫೋನಿನಲ್ಲಿ ಯಕ್ಷಗಾನದ ಒಂದು ತುಣುಕು ಹುಡುಕಿ ತೆಗೆದನು. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ವೇಷಧಾರಿಯೊಬ್ಬ ರಂಗಸ್ಥಳದ ಸುತ್ತ ದಿಗಿಣ ಹೊಡೆಯುವ ತುಣುಕು. ದಿಗಿಣ ಎಂದರೆ ಮೈಯನ್ನು ಗಾಳಿಯಲ್ಲಿ ತಿರುಗಿಸಿ ಹಾರುವುದು. ಬಿಟ್ಟ ಉಸಿರು ಎಳೆಯುವ ಮೊದಲು ಇನ್ನೊಂದು, ಮತ್ತೊಂದು. ನಿರ್ಮಾಪಕನು ಅದೇ ಬೇಕೆಂದು ಹಟ ಹಿಡಿದನು.

ಅವಳು ಮುಂಬೈಯಿಂದ ನನಗೆ ಫೋನು ಮಾಡಿದಳು.

“ಸದಾ, ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ತಿರುಗುವುದು ಉಂಟಲ್ಲ. ಅದರಲ್ಲಿ ಹಾರುವುದಕ್ಕಿಲ್ಲ ಅಲ್ವಾ?”

“ಇಲ್ಲ. ಅದು ನೆಲದ ಮೇಲೆಯೇ.”

“ಅದಾದರೆ ನನಗೆ ಚಂದ ಇತ್ತು. ಈ ಮನುಷ್ಯ ಕೇಳುವುದಿಲ್ಲ. ‘ಜಂಪ್, ಜಂಪ್’ ಅಂತ ಹೇಳುತ್ತಾನೆ.” ಆಮೇಲೆ ಕೇಳಿದಳು: “ನಾನು ಸಣ್ಣವಳಿರುವಾಗಲಾದರೂ ಹಾರಿದ್ದು ನೋಡಿದ್ದಿಯಾ ನೀನು?”

ನೆನಪು ಮಾಡಿದೆ. ಹಗ್ಗ ಹಾರುವ ಆಟದಲ್ಲಿ ಅವಳು ಯಾವಾಗಲೂ ಹಗ್ಗ ತಿರುಗಿಸುವವಳು. ಮಳೆಗಾಲದಲ್ಲಿ ಹುಡುಗರೆಲ್ಲ ನೀರು ಹರಿಯುವ ತೋಡು ಹಾರುವಾಗ ಅವಳು ಸಂಕ, ಅಂದರೆ ಕಾಲುಸೇತುವೆ, ಇರುವಲ್ಲಿಯವರೆಗೆ ಸುತ್ತು ಹೋಗಿ ಬರುವವಳು. ನೋಡಿಲ್ಲ ಎಂದೆ.

“ನನಗೆ ಬರುವುದಿಲ್ಲ ಮಾರಾಯ. ಮನಸ್ಸು ಹಾರು ಅನ್ನುತ್ತದೆ, ಕಾಲು ಕೆಂಪು ಚೀಟಿ ಅನ್ನುತ್ತದೆ. ಈ ಸಲ ಹೊರಗೆ ಬಿದ್ದರೆ ಮತ್ತೆ ನನಗೆ ಟಿವಿ ಇಲ್ಲ. ಜೀವಮಾನ ಇಡೀ ರಿಬ್ಬನ್ ಕತ್ತರಿಸುವುದೇ.”

ಹೀಗೆ ಅವಳು ಮೂರು ವಾರದ ರಜೆ ತೆಗೆದುಕೊಂಡು ಊರಿಗೆ ಬಂದಳು. ಕಾರ್ಕಳದಲ್ಲಿ ಭಾನುವಾರ ಮಕ್ಕಳಿಗೆ ಯಕ್ಷಗಾನ ಕಲಿಸುವ ಕುಶಾಲ ಶೆಟ್ಟಿಗಾರರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಮೇಳಗಳಲ್ಲಿ ತಿರುಗಾಟ ಮಾಡಿ ನಿವೃತ್ತರಾದ ಸಪೂರ ಮನುಷ್ಯ. ಮಾತು ಕಡಿಮೆ, ಆಡಿದರೆ ತೀಕ್ಷ್ಣ. ಅವರ ಮನೆಯಲ್ಲಿ ಟಿವಿ ಇಲ್ಲ. ವಾರಿಜಾ ಯಾರೆಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿ, “ನಡೆದದ್ದಕ್ಕೆ ಚಿನ್ನ ಕೊಡುತ್ತಾರಾ?” ಎಂದು ವಿಚಾರಿಸಿದರು. ಹೌದು ಎಂದೆ. “ನಾನು ಮೇಳದ ಪೆಟ್ಟಿಗೆ ಹೊತ್ತು ಹೆಜಮಾಡಿಯಿಂದ ಇಲ್ಲಿಗೆ ನಡೆದದ್ದುಂಟು. ಚಹಾ ಸಹ ಕೊಡಲಿಲ್ಲ” ಎಂದರು. ಆಮೇಲೆ ಗೆಜ್ಜೆ ಕಟ್ಟಿಸಿದರು.

ಹೆಜ್ಜೆಗಳು ಅವಳಿಗೆ ಬೇಗ ಬಂದವು. ಕಾಲಿನ ಮಾತು ಅವಳಿಗೆ ಗೊತ್ತು. ದಿಗಿಣದ ಹೊತ್ತು ಬಂದಾಗ ವಾರಿಜಾ ನನ್ನ ಕಡೆ ತಿರುಗಿ, “ಸದಾ, ನೀನು ನೋಡಿ ಹೇಳಬೇಕು. ಎರಡೂ ಮೇಲೆ ಬಂತಾ ಇಲ್ಲವಾ ಅಂತ ನಿನ್ನಷ್ಟು ಸರಿಯಾಗಿ ಹೇಳುವವರಿಲ್ಲ” ಎಂದಳು. ನಾನು ಕರ್ಚೀಫು ಹಾಸಿ, ಕಷ್ಟಪಟ್ಟು, ಹೊಟ್ಟೆ ಅಡಿ ಮಾಡಿ ಮಲಗಿದೆ. ಆ ಹೊಟ್ಟೆ ಈಗ ಹಿಂದಿನ ಹೊಟ್ಟೆಯಲ್ಲ. ತಲೆ ಒಂದು ಕಡೆ, ಕಾಲು ಒಂದು ಕಡೆ ಎತ್ತರದಲ್ಲಿ ತೂಗುತ್ತಿದ್ದವು. ತರಗತಿಯ ಮಕ್ಕಳು ಸುತ್ತ ನಿಂತು ನನ್ನನ್ನೇ ನೋಡುತ್ತಿದ್ದರು.

ಗುರುಗಳು ಬಾಯಿತಾಳ ಹೇಳಿದರು. ಅವಳು ಬಗ್ಗಿದಳು, ಕೈ ಬೀಸಿದಳು, ಮೈ ತಿರುಗಿಸಿದಳು. ಬಲಗಾಲು ಎದ್ದಿತು. ಎಡಗಾಲು ಎದ್ದಿತು ಎನ್ನಲು ಸಾಧ್ಯವೇ ಇಲ್ಲದ ಹಾಗೆ ಅಲ್ಲೇ ಇತ್ತು.

“ಎದ್ದಿಲ್ಲ,” ಎಂದೆ.

ಮತ್ತೊಮ್ಮೆ. “ಎದ್ದಿಲ್ಲ.”

ಮಗದೊಮ್ಮೆ. ಗುರುಗಳು ಬಾಯಿತಾಳ ನಿಲ್ಲಿಸಿದರು. “ಅಮ್ಮಾ, ನಮ್ಮ ಊರಿನಲ್ಲಿ ಬೆಟ್ಟದ ಮೇಲೆ ಒಬ್ಬರು ಶತಮಾನಗಳಿಂದ ನಿಂತುಕೊಂಡಿದ್ದಾರೆ. ಅವರಿಗೆ ಅದು ಶೋಭೆ. ನೀವು ಎಂತಕ್ಕೆ ನಿಲ್ಲುವುದು?”

ಆ ವಾರವೆಲ್ಲ ಉಪಾಯಗಳು ನಡೆದವು. ಕೆಳಗೆ ಚಾಪೆ ಹಾಸಿದರು. ಇಬ್ಬರು ಮಕ್ಕಳು ಎರಡು ಕಡೆ ಕೈ ಹಿಡಿದು ಎತ್ತಲು ನೋಡಿದರು, ಮಕ್ಕಳು ಎದ್ದರು. ದಾರಿಗೆ ಅಡ್ಡ ಹಗ್ಗ ಕಟ್ಟಿದರೆ ಅವಳು ಅದನ್ನು ಒಂದೊಂದೇ ಕಾಲೆತ್ತಿ ಸುಸೂತ್ರ ದಾಟಿದಳು. ಕಚೇರಿಯ ಮೊದಲು, ಕಚೇರಿಯ ನಂತರ, ಮಣಿಪಾಲದಿಂದ ಕಾರ್ಕಳಕ್ಕೆ ಓಡಾಡಿ ನಾನು ಪ್ರತಿಸಲವೂ ಮಲಗಿದೆ, ಪ್ರತಿಸಲವೂ ಪ್ರಾಮಾಣಿಕವಾಗಿ “ಎದ್ದಿಲ್ಲ” ಎಂದೆ. ಅವಳ ಮುಖ ದಿನದಿನಕ್ಕೆ ಸಣ್ಣದಾಯಿತು. ಕಾಪುವಿನಲ್ಲಿ ಗಿರಿಜಕ್ಕ, “ಹಾರಲಿಕ್ಕೆ ಬಾರದಿದ್ದರೆ ಬೇಡ ಅಂತ ಹೇಳಿ ಬಾ. ಅವರೆಂತ ನಿನ್ನನ್ನು ತಿನ್ನುತ್ತಾರಾ?” ಎಂದರು. ವಾರಿಜಾ ಊಟ ಬಿಟ್ಟು ಎದ್ದು ಹೋದಳಂತೆ.

ಎರಡನೆಯ ಭಾನುವಾರ ನಾನು ಮಲಗಿರುವಾಗ ಕಚೇರಿಯಿಂದ ಫೋನು ಬಂತು. ಪುಟ ಕಟ್ಟುವವರಿಗೆ ಒಂದು ನಿಧನ ವಾರ್ತೆಯಲ್ಲಿ ಮೃತರ ಅಳಿಯ ಯಾರು, ಮಗ ಯಾರು ಎಂದು ತಿಳಿಯದೆ ಗೊಂದಲವಾಗಿತ್ತು. ನಾನು ಎದ್ದು ಜಗಲಿಗೆ ಹೋಗಿ ಅವರ ಸಂಸಾರ ಸರಿಮಾಡುತ್ತಿದ್ದೆ. ಒಳಗಿನಿಂದ ಗೆಜ್ಜೆಯ ಸದ್ದು ಬಂತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಧಡ್. ಮತ್ತೆ ಏನೂ ಇಲ್ಲ. ಮತ್ತೆ ಧಡ್. ಮಕ್ಕಳು ಕಿರುಚಿದರು.

ಫೋನು ಕಿವಿಯಲ್ಲೇ ಇಟ್ಟುಕೊಂಡು ಒಳಗೆ ಓಡಿದೆ. ವಾರಿಜಾ ಸಭಾಂಗಣದ ನಡುವೆ ಏದುಸಿರು ಬಿಡುತ್ತ ನಿಂತಿದ್ದಳು, ಎರಡು ಕಾಲೂ ನೆಲದ ಮೇಲೆ.

“ಹಾರಿದೆಯಾ?”

“ಹಾರಿದೆ ಅಂತ ಕಾಣುತ್ತದೆ.”

“ಇನ್ನೊಮ್ಮೆ ಮಾಡು, ನೋಡುವ” ಎಂದು ನಾನು ಮಲಗಿದೆ. ಅವಳು ಬಗ್ಗಿದಳು, ಬೀಸಿದಳು, ತಿರುಗಿದಳು. ಎಡಗಾಲು ನೆಲದಲ್ಲಿತ್ತು.

ಗುರುಗಳು ಬಹಳ ಹೊತ್ತು ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಪೇಪರಿನವರೇ, ನೀವು ಸ್ವಲ್ಪ ಹೊರಗೆ ಹೋಗಿ.”

ಹೋದೆ. ಧಡ್.

“ಒಳಗೆ ಬನ್ನಿ.”

ಬಂದೆ. ಎಡಗಾಲು ನೆಲದಲ್ಲಿ.

“ಹೊರಗೆ.”

ಧಡ್, ಧಡ್, ಧಡ್.

ಗುರುಗಳು ಜಗಲಿಗೆ ಬಂದು, ಬಾಗಿಲು ಎಳೆದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು: “ನೀವು ಒಳ್ಳೆಯ ಜನ. ಆದರೆ ಇನ್ನು ಈ ಕಡೆ ಬರಬೇಡಿ.”

ನಾನು ಕಾರ್ಕಳದಿಂದ ಬಸ್ಸು ಹತ್ತಿದೆ. ಇಷ್ಟು ವರ್ಷ ಹೊಗಳಿಕೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಮಾತಿನ ಅರ್ಥ ಹಿರಿಯಡ್ಕ ದಾಟುವಾಗ ನನಗಾಯಿತು. ಅವಳ ಕಾಲು ಹಿಡಿದದ್ದು ಕೆಂಪು ಚೀಟಿಯಲ್ಲ. ನೆಲದ ಮಟ್ಟದಲ್ಲಿರುವ ನನ್ನ ಮುಖ.

ಮುಂಬೈಗೆ ಹೊರಡುವ ದಿನ ಅವಳು ಗುರುಗಳ ಕಾಲಿಗೆ ಬಿದ್ದು, “ಅಲ್ಲಿ ಮೂರು ಜನ ತೀರ್ಪುಗಾರರು ನನ್ನನ್ನೇ ನೋಡುತ್ತ ಕೂತಿರುತ್ತಾರೆ ಗುರುಗಳೇ. ಕಾಲು ಏಳದಿದ್ದರೆ?” ಎಂದಳಂತೆ.

“ಕೂತಿರುತ್ತಾರಾ, ಮಲಗಿರುತ್ತಾರಾ?”

“ಕೂತಿರುತ್ತಾರೆ.”

“ಮತ್ತೆ ಎಂತ ಹೆದರಿಕೆ?”

ಪ್ರಸಾರದ ಸಂಜೆ ನಾನು ಕಾಪುವಿಗೆ ಹೋದೆ. ಗಿರಿಜಕ್ಕನ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ಗುರುಗಳು ಕಾರ್ಕಳದಲ್ಲಿ ಶಿಷ್ಯನೊಬ್ಬನ ಮನೆಗೆ ಹೋಗಿ ಟಿವಿಯ ಮುಂದೆ ಕೂತಿದ್ದರು. ಕಾರ್ಯಕ್ರಮ ಮೊದಲೇ ಚಿತ್ರೀಕರಣವಾಗಿತ್ತು. ಏನಾಯಿತೆಂದು ವಾರಿಜಳಿಗೆ ಗೊತ್ತು, ಆದರೆ ಹೇಳುವಂತಿರಲಿಲ್ಲ.

“ಹೆತ್ತ ತಾಯಿಗೂ ಹೇಳುವುದಿಲ್ಲವಂತೆ. ಸೈನ್ ಹಾಕಿದ್ದಾಳಂತೆ,” ಎಂದು ಗಿರಿಜಕ್ಕ ಟಿವಿಗೆ ಕೇಳುವ ಹಾಗೆ ಗೊಣಗಿದರು.

ವೇಷದಲ್ಲಿ ವಾರಿಜಾ ಬಂದಳು. ಕಿರೀಟ, ಭುಜಕೀರ್ತಿ, ಗೆಜ್ಜೆ. ನಾನು ಅವಳ ಕಾಲುಗಳ ಮೇಲೆ ಕಣ್ಣು ನೆಟ್ಟೆ. ಅವಳು ಬಗ್ಗಿದಳು, ಕೈ ಬೀಸಿದಳು, ಮೈ ತಿರುಗಿಸಿದಳು. ಆ ಕ್ಷಣಕ್ಕೆ ಸರಿಯಾಗಿ ಗುಡುಗಿನ ಸದ್ದಾಗಿ, ಪರದೆಯ ತುಂಬ ಒಬ್ಬ ತೀರ್ಪುಗಾರನ ತೆರೆದ ಬಾಯಿ ಬಂತು. ಮತ್ತೆ ಗುಡುಗು, ಎರಡನೆಯವಳ ಅರಳಿದ ಕಣ್ಣು. ಮತ್ತೆ ಗುಡುಗು, ಮೂರನೆಯವನು ಎದೆಯ ಮೇಲೆ ಕೈ ಇಟ್ಟುಕೊಂಡದ್ದು. ಆಮೇಲೆ ಮೊದಲನೆಯವನ ಬಾಯಿಯೇ ಇನ್ನೊಮ್ಮೆ, ನಿಧಾನವಾಗಿ. ವಾರಿಜಾ ಮತ್ತೆ ಕಂಡಾಗ ನೆಲದ ಮೇಲಿದ್ದಳು.

“ಹಾರಿದಳಾ?” ಎಂದರು ಗಿರಿಜಕ್ಕ.

ಯಾರಿಗೂ ಗೊತ್ತಿರಲಿಲ್ಲ. ನಾನು ಗುರುಗಳಿಗೆ ಫೋನು ಮಾಡಿದೆ.

“ಕೆಳಗೆ ಬಂದದ್ದು ಕಂಡಿತು,” ಎಂದರು ಅವರು, ಒಂದೊಂದೇ ಶಬ್ದ ತೂಗಿ. “ಮೇಲೆ ಹೋದದ್ದು ಕಾಣಲಿಲ್ಲ. ಮೇಲೆ ಹೋಗದೆ ಕೆಳಗೆ ಬರಲಿಕ್ಕಿಲ್ಲ ಅಂತ ನನ್ನ ಅಂದಾಜು.”

ತೀರ್ಪುಗಾರರು ಮೂವರೂ ಪೂರ್ತಿ ಅಂಕ ಕೊಟ್ಟರು. ಆದರೆ ಕೊನೆಯ ಮೂವರು ಯಾರು ಎಂಬುದು ನೋಡುಗರ ಮತದಿಂದ ತೀರ್ಮಾನವಾಗಬೇಕಿತ್ತು. ಮೊಬೈಲಿನಲ್ಲಿ ಮತ ಹಾಕುವುದು. ಮರುವಾರ ಫಲಿತಾಂಶ ಬಂತು. ವಾರಿಜಾ ಹೊರಗೆ ಬಿದ್ದಳು. ಮುಂದಿನ ವರ್ಷದ ನಿರೂಪಣೆ ಒಬ್ಬ ಸಿನಿಮಾ ನಟನ ಪಾಲಾಯಿತು.

ನಾನು ಗಿರಿಜಕ್ಕನನ್ನು, “ನೀವು ಮತ ಹಾಕಿದ್ದೀರಲ್ಲ?” ಎಂದು ಕೇಳಿದೆ.

“ಹಾಕಲಿಕ್ಕೆ ಹೋದೆ ಮಗಾ. ಅದು ಒಟಿಪಿ ಕೇಳಿತು. ಒಟಿಪಿ ಯಾರಿಗೂ ಕೊಡಬೇಡಿ ಅಂತ ಬ್ಯಾಂಕಿನವರು ಎಷ್ಟು ಸಲ ಹೇಳಿದ್ದಾರೆ? ಕೂಡಲೇ ಫೋನು ಆಫ್ ಮಾಡಿದೆ. ಈ ಕೇರಿಯವರಿಗೆಲ್ಲ ಹೇಳಿದೆ, ಮೋಸ ಉಂಟು, ಯಾರೂ ಒತ್ತಬೇಡಿ ಅಂತ.”

ಈ ಸಂಗತಿಯನ್ನು ನಾನು ವಾರಿಜಳಿಗೆ ತಿಳಿಸಿಲ್ಲ.

ಅವಳು ಮಾರ್ಚ್‌ನಲ್ಲಿ ಊರಿಗೆ ಬಂದಳು. ಆಮೇಲೆ ಒಂದು ಭಾನುವಾರ ಯಾರಿಗೂ ಹೇಳದೆ ಕಾರ್ಕಳಕ್ಕೆ ಹೋಗಿ ಗುರುಗಳ ಮುಂದೆ ನಿಂತಳು. ಇನ್ನು ಟಿವಿ ಇಲ್ಲವಾದ್ದರಿಂದ ಕಲಿಯುವುದನ್ನೂ ಬಿಡಬೇಕೆಂದಿದೆಯೇ ಎಂದು ಕೇಳಿದಳಂತೆ. ಗುರುಗಳು ಬಿಡಬೇಕೆಂದಿಲ್ಲ ಎಂದರು. ಆದರೆ ಕಟ್ಟಡಕ್ಕೆ ಮಾಡು ಮೊದಲು ಹಾಕಿ ಆಗಿದೆ, ಇನ್ನು ಪಂಚಾಂಗ, ಅಂದರೆ ಅಡಿಪಾಯ, ಹಾಕಬೇಕು ಎಂದರು. ಯಕ್ಷಗಾನದಲ್ಲಿ ಹೊಸಬರ ಮೊದಲ ವೇಷ ಕೋಡಂಗಿ. ಆಟ ಶುರುವಾಗುವ ಮೊದಲು, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ, ತಲೆಗೊಂದು ಬಟ್ಟೆ ಸುತ್ತಿ ರಂಗಕ್ಕೆ ಬಂದು ನಾಲ್ಕು ಹೆಜ್ಜೆ ಕುಣಿದು ಹೋಗುವ ಸಣ್ಣ ಮಕ್ಕಳು. ಅದರಲ್ಲಿ ಪಾಸಾದವರಿಗೆ ಬಾಲಗೋಪಾಲ. ಮುಂದಿನದ್ದೆಲ್ಲ ಆಮೇಲೆ.

ಏಪ್ರಿಲ್ ಕೊನೆಯ ಶನಿವಾರ ಮಕ್ಕಳ ಮೇಳದ ಆಟ ಇತ್ತು. ಮೂರು ದಿನ ಮೊದಲು ವಾರಿಜಾ ಫೋನು ಮಾಡಿದಳು.

“ಸದಾ, ಶನಿವಾರ ಬಾ.”

“ಗುರುಗಳು ಬರಬೇಡಿ ಅಂದಿದ್ದಾರೆ.”

“ನಾನು ಬಾ ಅನ್ನುವುದು. ಎದುರಿನ ಸಾಲಿನಲ್ಲಿ ಕೂತುಕೋ.”

“ಕೂತರೆ ಸಾಕಾ?”

“ನೀನು ಹೇಗೆ ನೋಡುವುದೋ ಹಾಗೆಯೇ ನೋಡು ಮಾರಾಯ. ನಿನ್ನ ಎದುರು ಆಗದಿದ್ದರೆ ಅದು ಆದ ಹಾಗೆ ಅಲ್ಲ.”

ಹೋದೆ. ಹೊತ್ತು ಮುಳುಗುತ್ತಿತ್ತು. ಜನ ಕುರ್ಚಿ ಎಳೆಯುತ್ತಿದ್ದರು. ನಾನು ಎಲ್ಲರಿಗಿಂತ ಮುಂದೆ ಹೋಗಿ, ಚರುಂಬುರಿ ತಿನ್ನುತ್ತಿದ್ದ ಮಕ್ಕಳ ನಡುವೆ, ಹೊಸ ಅಂಗಿಯಲ್ಲಿ, ಹೊಟ್ಟೆ ಅಡಿ ಮಾಡಿ ಮಲಗಿದೆ. ಹಿಂದಿನಿಂದ ಯಾರೋ, “ಪಾಪ, ಸಂಜೆಯೇ ಕುಡಿದಿದ್ದಾರೆ” ಎಂದರು.

ಚೆಂಡೆ ಬಿತ್ತು. ಕೋಡಂಗಿಗಳು ಬಂದರು. ಎಲ್ಲರೂ ನಾಲ್ಕನೆಯ, ಐದನೆಯ ತರಗತಿಯ ಮಕ್ಕಳು. ಕೊನೆಯಲ್ಲಿ, ಉಳಿದವರ ಎರಡರಷ್ಟು ಎತ್ತರದ ಕೋಡಂಗಿ ಒಂದು. ತಲೆಗೆ ಕೆಂಪು ಬಟ್ಟೆ, ಹಣೆಗೆ ಬಿಳಿ ಬಣ್ಣ. ಮಕ್ಕಳು ನಾಲ್ಕು ಹೆಜ್ಜೆ ಹಾಕಿದರು; ಅವಳೂ ಹಾಕಿದಳು. ಮಕ್ಕಳು ಸಾಲಾಗಿ ಒಳಗೆ ಹೊರಟರು. ಅವಳು ಹೋಗಲಿಲ್ಲ. ಕಣ್ಣು ಕೆಳಗಿಳಿಸಿ ನೇರ ನನ್ನ ಮುಖವನ್ನು ನೋಡಿದಳು. ಚೆಂಡೆಯವನು ಏನೂ ತಿಳಿಯದೆ ಬಾರಿಸುತ್ತಲೇ ಇದ್ದನು. ಅವಳು ಬಗ್ಗಿದಳು, ಕೈ ಬೀಸಿದಳು, ಮೈ ತಿರುಗಿಸಿದಳು.

ಬಲಗಾಲು ಎದ್ದಿತು. ಎಡಗಾಲು ಎದ್ದಿತು. ಎರಡರ ಕೆಳಗಿನಿಂದ ರಂಗಸ್ಥಳದ ಹಿಂದಿನ ನೀಲಿ ಪರದೆ ನನಗೆ ಸ್ಪಷ್ಟವಾಗಿ ಕಂಡಿತು.

“ಎದ್ದಿತು!” ಎಂದು ಕೂಗಿದೆ. “ಎದ್ದಿತು! ಎದ್ದಿತು!”

ಅವಳು ರಂಗಸ್ಥಳವನ್ನು ಒಂದು ಸುತ್ತು ಪೂರ್ತಿ ದಿಗಿಣ ಹೊಡೆದು ಒಳಗೆ ಹೋದಳು. ಜನ ಚಪ್ಪಾಳೆ ತಟ್ಟಿದರು.

ನಾನು ಅಂಗಿ ಕೊಡವಿಕೊಂಡು ಚೌಕಿಗೆ, ಅಂದರೆ ಬಣ್ಣದ ಕೋಣೆಗೆ, ಹೋದಾಗ ಗುರುಗಳು ಅವಳ ಎದುರು ನಿಂತಿದ್ದರು. ಅವಳ ಮುಖದ ಬಣ್ಣ ಬೆವರಿನಲ್ಲಿ ಇಳಿದು ಹೋಗಿತ್ತು.

“ಕೋಡಂಗಿಗೆ ದಿಗಿಣ ಉಂಟಾ?” ಎಂದು ಕೇಳಿದರು ಗುರುಗಳು. ಈಗ ‘ಅಮ್ಮಾ’ ಇರಲಿಲ್ಲ.

“ಇಲ್ಲ ಗುರುಗಳೇ.”

“ಮತ್ತೆ ನೀನು ಹಾರಿದ್ದು ಎಂತಕ್ಕೆ?”

ವಾರಿಜಾ ನನ್ನನ್ನು ನೋಡಿದಳು. ನಾನು ಅವಳ ಕಾಲು ನೋಡಿದೆ.

ಮಕ್ಕಳ ಮೇಳದ ಮುಂದಿನ ಆಟ ಈ ತಿಂಗಳ ಕೊನೆಗೆ ಕಾಪುವಿನಲ್ಲಿ ನಡೆಯಲಿದೆ. ಅಂದಿನ ಕೋಡಂಗಿಗಳೆಲ್ಲ ಬಾಲಗೋಪಾಲರಾಗಿದ್ದಾರೆ. ವಾರಿಜಳದ್ದು ಕೋಡಂಗಿ.